ಒರೆಸಿದರೆ ಹೋಗದ ಕೊಳೆ

ಗುಬ್ಬಿಯ ಡಿಪ್ಲೊಮಾ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ ಇದು: “ತರಬೇತಿಗೆ ಹೋಗುವ ಘಟಕದಲ್ಲಿ ಸಂಜೆ ಸ್ಟೆನ್ಸಿಲ್‌ಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸುರಿದು, ಬಟ್ಟೆಯಲ್ಲಿ ಒರೆಸಿ ಥಳಥಳ ಹೊಳೆಯುವಂತೆ ಮಾಡಿಡುತ್ತೇವೆ. ಬೆಳಿಗ್ಗೆ ಬೋರ್ಡ್ ಅಚ್ಚು ಹಾಕಿದರೆ ಐಸಿಯ ಅಕ್ಕಪಕ್ಕದ ಕಾಲುಗಳು ಬೆಸೆದುಕೊಂಡು ಕೂತಿರುತ್ತವೆ. ಯಂತ್ರಕ್ಕೆ ದೃಷ್ಟಿಯಾಗಿದೆ ಅಂತಾರೆ. ನಿಜವೇ?”

ದೃಷ್ಟಿ ಅಲ್ಲ ತಾಯಿ, ತವರದ ಗುಂಡು.

ಸ್ಟೆನ್ಸಿಲ್ ಎಂದರೆ ಜಾತ್ರೆಯಲ್ಲಿ ಸಿಗುವ ತೂತಿನ ರಂಗೋಲಿ ತಟ್ಟೆಯ ತಮ್ಮ. ಸ್ಟೇನ್‌ಲೆಸ್ ಸ್ಟೀಲಿನ ಹಾಳೆ, ದಪ್ಪ ಹೆಚ್ಚುಕಡಿಮೆ 0.1ರಿಂದ 0.15 ಮಿಲಿಮೀಟರ್, ಮೈತುಂಬ ಲೇಸರ್ ಕೊರೆದ ಕಿಂಡಿಗಳು. ಬೋರ್ಡಿನ ಮೇಲೆ ಅದನ್ನಿಟ್ಟು ಸೋಲ್ಡರ್ ಪೇಸ್ಟ್ ಎಳೆದರೆ ಪ್ರತಿ ಪ್ಯಾಡಿನ ಮೇಲೂ ಅಳೆದಷ್ಟೇ ಪೇಸ್ಟ್ ಕೂರುತ್ತದೆ. ಬಿಡಿಭಾಗ ಜೋಡಿಸುವುದು, ಓವನ್ನಿನಲ್ಲಿ ಕರಗಿಸುವುದು ಆಮೇಲಿನ ಮಾತು. ತುಮಕೂರಿನ ಟಿವಿಎಸ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗುವ ಬಿಲ್ ಪ್ರಿಂಟರಿನಿಂದ ಹಿಡಿದು ಹೆಲಿಕಾಪ್ಟರಿನ ಉಪಕರಣದವರೆಗೆ ಇವತ್ತಿನ ಬಹುಪಾಲು ಬೋರ್ಡುಗಳು ಹುಟ್ಟುವುದು ಹೀಗೆಯೇ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದಾಗ ಎಲ್ಲರ ಕಣ್ಣು ರೆಕ್ಕೆಯ ಮೇಲಿತ್ತು. ನನಗೆ ನೆನಪಾದದ್ದು ಆ ರೆಕ್ಕೆಯ ನಡುಕವನ್ನು ಹಾರಾಟದುದ್ದಕ್ಕೂ ತಡೆದುಕೊಳ್ಳಬೇಕಾದ ಸಣ್ಣ ಸಣ್ಣ ಬೆಸುಗೆಗಳು.

ಈಗ ಪೇಸ್ಟಿನ ಒಳಗುಟ್ಟು. ತೂಕದಲ್ಲಿ ಅದು ಹತ್ತಿರ ಹತ್ತಿರ ಶೇ 90ರಷ್ಟು ಲೋಹ, ಜಾಗದ ಲೆಕ್ಕದಲ್ಲಿ ಅರ್ಧ ಮಾತ್ರ. ಉಳಿದರ್ಧ ಫ್ಲಕ್ಸ್ ಎಂಬ ಅಂಟು. ಸೀಸರಹಿತ ಪೇಸ್ಟ್‌ಗಳಲ್ಲಿ ಹೆಚ್ಚು ಬಳಕೆಯದರಲ್ಲಿ ಶೇ 96.5 ತವರ, ಶೇ 3 ಬೆಳ್ಳಿ, ಶೇ 0.5 ತಾಮ್ರ. ಲೋಹವೆಲ್ಲ ಗುಂಡುಗಳ ರೂಪದಲ್ಲಿರುತ್ತದೆ. ನಾಲ್ಕನೇ ನಮೂನೆಯ ಪುಡಿಯಾದರೆ ಬಹುಪಾಲು ಗುಂಡುಗಳು 20ರಿಂದ 38 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸುಮಾರು 30 ಗುಂಡುಗಳನ್ನು ಸಾಲಾಗಿ ಕೂರಿಸಬಹುದು. ಕಿಂಡಿಯ ಅಗಲದಲ್ಲಿ ಕನಿಷ್ಠ ಐದು ದೊಡ್ಡ ಗುಂಡುಗಳು ಹಿಡಿಸಬೇಕೆಂಬುದು ಈ ಕಸುಬಿನ ನಿಯಮ. 0.2 ಮಿಲಿಮೀಟರಿನ ಕಿಂಡಿಗೆ ಐದೇ ಐದು. ನಿನ್ನೆಯ ಎರಡು ಗುಂಡುಗಳು ಗೋಡೆಗೆ ಕಚ್ಚಿ ಕೂತಿದ್ದರೆ ಇವತ್ತು ದಾರಿ ಉಳಿದಿರುವುದು ಮೂರಕ್ಕೆ!

ಐಪಿಎ ಸುರಿದಾಗ ಏನಾಗುತ್ತದೆ? ಅದು ಫ್ಲಕ್ಸನ್ನು ಅಷ್ಟಿಷ್ಟು ಕರಗಿಸುತ್ತದೆ, ತವರವನ್ನು ಮುಟ್ಟುವುದೂ ಇಲ್ಲ. ಅಂಟು ಬಿಟ್ಟ ಗುಂಡುಗಳನ್ನು ನಿಮ್ಮ ಬಟ್ಟೆಯೇ ಕಿಂಡಿಯೊಳಕ್ಕೆ ನೂಕುತ್ತದೆ. ಆಲ್ಕೋಹಾಲ್ ಆರುತ್ತಿದ್ದಂತೆ ಕರಗಿದ್ದ ಅಂಟು ತೆಳ್ಳಗೆ ಗಟ್ಟಿಯಾಗಿ ಅವನ್ನು ಅಲ್ಲೇ ಮೆತ್ತಿಬಿಡುತ್ತದೆ. ಹೀಗೆ ಒರೆಸಿಟ್ಟ ಸ್ಟೆನ್ಸಿಲ್ ಒಂದನ್ನು ಸೂಕ್ಷ್ಮದರ್ಶಕದಡಿ ನೋಡಿದ್ದೇನೆ. ಮೇಲ್ಮೈ ನಿಜಕ್ಕೂ ಹೊಳೆಯುತ್ತಿತ್ತು. ಕಿಂಡಿಗಳ ಒಳಗೋಡೆಯ ತುಂಬ ಬೂದು ಗುಂಡುಗಳ ಸಾಲು. ಒಂದೆರಡು ಕೆಳಮೈಗೆ ಅಂಟಿದರಂತೂ ಸ್ಟೆನ್ಸಿಲ್ ಬೋರ್ಡಿನ ಮೇಲೆ ಸಮನಾಗಿ ಕೂರುವುದಿಲ್ಲ. ಆ ಸಂದಿಯಲ್ಲಿ ಪೇಸ್ಟ್ ನುಸುಳಿ ಪಕ್ಕದ ಪ್ಯಾಡನ್ನು ಸೇರುತ್ತದೆ. ನಿಮ್ಮ ಕಾಲುಗಳು ಬೆಸೆದುಕೊಂಡದ್ದು ಹಾಗೆ.

ಗೋಡೆಯ ಗುಂಡನ್ನು ಎಬ್ಬಿಸುವುದು ಯಾರು? ಗುಳ್ಳೆ. ನಾನು ಈ ಲೇಖನಕ್ಕೆ ಕೂತದ್ದೇ ಅದನ್ನು ಹೇಳುವ ಆಸೆಯಿಂದ. ಇದಕ್ಕೆಂದೇ ತಯಾರಿಸಿದ, ನೀರಿನಲ್ಲಿ ಬೆರೆಯುವ ಕ್ಲೀನರ್ ತುಂಬಿದ ತೊಟ್ಟಿಯಲ್ಲಿ ಸ್ಟೆನ್ಸಿಲ್ ಮುಳುಗಿಸಿ ಸೆಕೆಂಡಿಗೆ 40,000 ಸಲ ಕಂಪಿಸುವ ಶಬ್ದ ಹಾಯಿಸುತ್ತಾರೆ. ನಮ್ಮ ಕಿವಿಗೆ ಕೇಳದ ಶಬ್ದ. ಒತ್ತಡ ಇಳಿದ ಕ್ಷಣದಲ್ಲಿ ದ್ರವವೇ ಹರಿದು ಗುಳ್ಳೆಗಳೇಳುತ್ತವೆ, ಒತ್ತಡ ಏರಿದ ಕ್ಷಣದಲ್ಲಿ ಕುಸಿಯುತ್ತವೆ. ನಡುನೀರಿನಲ್ಲಿ ಗುಳ್ಳೆ ಎಲ್ಲ ಕಡೆಯಿಂದಲೂ ಸಮನಾಗಿ ಕುಸಿಯುತ್ತದೆ. ಗೋಡೆಯ ಬಳಿಯಾದರೆ ಹಾಗಲ್ಲ: ಗೋಡೆಯ ಕಡೆಯಿಂದ ನೀರು ಬೇಗ ನುಗ್ಗಲಾರದು, ಹಾಗಾಗಿ ಆಚೆ ಬದಿಯ ನೀರು ಗುಳ್ಳೆಯನ್ನೇ ಸೀಳಿ ಸೂಜಿಧಾರೆಯಾಗಿ ಗೋಡೆಗೆ ಬಡಿಯುತ್ತದೆ. ಗುರಿ ಹಿಡಿಯುವವರು ಯಾರೂ ಇಲ್ಲ. ಗೋಡೆ ಅಲ್ಲಿರುವುದೇ ಸಾಕು. ಬಟ್ಟೆ ತಲುಪದ ಕಿಂಡಿಯೊಳಗೂ ಏಟು ಸರಿಯಾಗಿ ಗೋಡೆಗೇ ಬೀಳುತ್ತದೆ!

ಗುಳ್ಳೆಯ ಈ ಬಲವನ್ನು ಮನುಷ್ಯ ಮೊದಲು ಕಂಡದ್ದು ಶತ್ರುವಾಗಿ. ಹಡಗಿನ ಪ್ರೊಪೆಲ್ಲರ್‌ಗಳ ಕಂಚು ತೂತುತೂತಾಗಿ ಸವೆಯುತ್ತಿತ್ತು. 1917ರಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿ ಕುಸಿಯುವ ಗುಳ್ಳೆಯ ಒತ್ತಡವನ್ನು ಲೆಕ್ಕ ಹಾಕಿ ತೋರಿಸಿದರು. ಪಿಸ್ತೂಲು ಸೀಗಡಿಗೆ ಅದು ಮೊದಲೇ ಗೊತ್ತಿತ್ತು: ಅದು ಬೇಟೆಯಾಡುವಾಗ ಕೇಳುವ ‘ಟಪ್’ ಸದ್ದು ಕೊಂಡಿಯದ್ದಲ್ಲ, ಕೊಂಡಿ ಚಿಮ್ಮಿಸಿದ ನೀರಿನಲ್ಲಿ ಕುಸಿಯುವ ಗುಳ್ಳೆಯದ್ದು ಎಂದು 2000ದಲ್ಲಿ ವಿಜ್ಞಾನಿಗಳು ಚಿತ್ರ ಸಮೇತ ಸಾಬೀತು ಮಾಡಿದರು.

‘ಕುದಿನೀರು ಹಾಕಿದರೆ ಇನ್ನೂ ಚೆನ್ನಾಗಿ ಹೋಗುತ್ತೆ’ ಎನ್ನುವವರಿದ್ದಾರೆ. ಹೋಗುವುದಿಲ್ಲ. ನೀರು ಕುದಿಯುವ ಹತ್ತಿರ ಬಂದಷ್ಟೂ ಗುಳ್ಳೆಯಲ್ಲಿ ಆವಿ ತುಂಬಿಕೊಂಡು ಕುಸಿತ ಮೆತ್ತಗಾಗುತ್ತದೆ. ಮೇಲಾಗಿ ಸ್ಟೆನ್ಸಿಲನ್ನು ಚೌಕಟ್ಟಿಗೆ ಬಿಗಿದಿಟ್ಟ ಅಂಟೂ ಸಡಿಲವಾಗುತ್ತದೆ. ಇನ್ನು, ಅಲ್ಟ್ರಾಸಾನಿಕ್ ತೊಟ್ಟಿಗೇ ಐಪಿಎ ಸುರಿಯುವುದು ಶುದ್ಧ ಹುಚ್ಚು ಸಾಹಸ. ಅದರ ಆವಿ ಕಿಡಿ ತಾಗಿದರೆ 12 ಡಿಗ್ರಿಯಲ್ಲೇ ಹೊತ್ತಿಕೊಳ್ಳುತ್ತದೆ.

ದೃಷ್ಟಿಯ ಮಾತಿಗೆ ಬರೋಣ. ಆಯುಧಪೂಜೆಯ ದಿನ ಯಂತ್ರದ ಹೊರಮೈಗೆ ಹೂವು ಏರಿಸಿ, ಸಂತೋಷ. ಸ್ಟೆನ್ಸಿಲ್ ಮೇಲೆ ಮಾತ್ರ ಕುಂಕುಮ, ವಿಭೂತಿ ಬೇಡವೇ ಬೇಡ. 30 ಮೈಕ್ರಾನಿನ ಲೆಕ್ಕ ನಡೆಯುವಲ್ಲಿ ಆ ಪುಡಿಯೂ ಕಿಂಡಿ ಕಟ್ಟುತ್ತದೆ. ಬೋರ್ಡ್ ಕೆಟ್ಟರೆ ನಿಂಬೆಹಣ್ಣು ಕಟ್ಟುವ ಮೊದಲು ಭೂತಗನ್ನಡಿ ಹಿಡಿಯಿರಿ. ಪೇಸ್ಟ್ ಒಣಗುವ ಮೊದಲೇ ತೊಳೆಯಿರಿ, ನೂಲು ಬಿಡುವ ಬಟ್ಟೆ ಮುಟ್ಟಬೇಡಿ, ಪಿನ್ನಿನಿಂದ ಕಿಂಡಿ ಕೆದಕಬೇಡಿ.

ತೊಳೆದ ನೀರನ್ನು ಚರಂಡಿಗೆ ಬಿಡಬಾರದು. ಸೀಸರಹಿತ ಎಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ನೀರಿನಲ್ಲಿ ಕರಗಿದ ಬೆಳ್ಳಿ, ತಾಮ್ರ ಎರಡೂ ಜಲಚರಗಳಿಗೆ ವಿಷ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಮೇಲೆ ಚೆಲ್ಲಿದ್ದು ಕೆಳಗಿನವರ ಗದ್ದೆಗೆ ಹೋಗುವ ದಾರಿ ಅದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯ ಅನುಮತಿ ಪಡೆದ ವಿಲೇವಾರಿದಾರರ ಕೈಗೇ ಹೋಗಬೇಕು. ನಿಮ್ಮ ಘಟಕದ ಪೀಪಾಯಿ ಎಲ್ಲಿಗೆ ಹೋಗುತ್ತದೆಂದು ಕೇಳಿ, ರಸೀದಿ ತೋರಿಸಲು ಹೇಳಿ.