ಆರೋಗ್ಯ ಮತ್ತು ಮರುವಲಸೆ: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳನ್ನು ಕುರಿತು

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳು ಬಹುಕಾಲದಿಂದ ದುಡಿಯುವ ಕೈಗಳನ್ನು ಹೊರನಾಡುಗಳಿಗೆ ಕಳುಹಿಸುತ್ತ ಬಂದಿವೆ. ವ್ಯಾಪಾರಕ್ಕಾಗಿ ದೂರದ ಪಟ್ಟಣಗಳಿಗೆ ಹೋಗುತ್ತಿದ್ದ ಭಟ್ಕಳದ ನವಾಯತರು 1970ರ ದಶಕದ ತೈಲಸಮೃದ್ಧಿಯ ತರುವಾಯ ಗಲ್ಫ್ ನಾಡುಗಳತ್ತ ತಿರುಗಿದರು. ಹೊನ್ನಾವರ, ಕುಮಟಾಗಳಿಂದಲೂ ಅನೇಕರು ಅದೇ ದಾರಿ ಹಿಡಿದರು. ಮೀನುಗಾರರು ಗೋವಾ, ಮಲ್ಪೆ, ಮಂಗಳೂರುಗಳ ದೋಣಿಗಳಲ್ಲಿ ದುಡಿಯುತ್ತಾರೆ. ಈ ವಲಸೆಯ ಕಾರಣಗಳು ಆಗಾಗ ಚರ್ಚೆಗೆ ಬಂದಿವೆ. ಆದರೆ ಹೋದವರು ಯಾವಾಗ, ಏಕೆ ಮರಳುತ್ತಾರೆ ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಈ ಪ್ರಶ್ನೆಯನ್ನು ನಿರ್ಧರಿಸುವ ಸಂಗತಿಗಳಲ್ಲಿ ಆರೋಗ್ಯವು ಮುಖ್ಯವಾದುದು.

ವಲಸೆಯ ಅಧ್ಯಯನದಲ್ಲಿ ಎರಡು ಪರಿಕಲ್ಪನೆಗಳು ಪ್ರಚಲಿತವಾಗಿವೆ. ಗಟ್ಟಿಮುಟ್ಟಾದವರೇ ಹೆಚ್ಚಾಗಿ ವಲಸೆ ಹೋಗುತ್ತಾರೆ ಎಂಬುದು ಮೊದಲನೆಯದು. ದೇಹ ಸೋತವರು ಹುಟ್ಟಿದೂರಿಗೆ ಮರಳುತ್ತಾರೆ ಎಂಬುದು ಎರಡನೆಯದು. ಹುಟ್ಟಿದ ಹೊಳೆಗೆ ಹಿಂತಿರುಗುವ ಸಾಲ್ಮನ್ ಮೀನಿನ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಈ ಎರಡನೆಯ ಮಾತು ಇಲ್ಲಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಕಾಯಿಲೆಯು ಕೆಲವರನ್ನು ಮನೆಗೆ ಕರೆತರುತ್ತದೆ, ಕೆಲವರನ್ನು ಮನೆಯಿಂದ ದೂರವೇ ಉಳಿಸುತ್ತದೆ. ಚಿಕಿತ್ಸೆಯು ಎಲ್ಲಿ, ಯಾರ ಖರ್ಚಿನಲ್ಲಿ ದೊರೆಯುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ.

ಗಲ್ಫ್ ದೇಶಗಳಲ್ಲಿ ದುಡಿಯಲು ಹೋದವನಿಗೆ ಸಾಮಾನ್ಯವಾಗಿ ಪೌರತ್ವ ದೊರೆಯುವುದಿಲ್ಲ. ಆದುದರಿಂದ ಅಲ್ಲಿ ಮರಳುವಿಕೆ ಖಚಿತ. ಉಳಿಯುವ ಪ್ರಶ್ನೆ ಕಾಲದ್ದು ಮಾತ್ರ. ಹೊರಡುವ ಮುನ್ನ ಕ್ಷಯ, ಎಚ್‌ಐವಿ, ಕಾಮಾಲೆಯ ಸೋಂಕುಗಳಿಗಾಗಿ ಕಡ್ಡಾಯ ತಪಾಸಣೆ ನಡೆಯುತ್ತದೆ. ವಾಸದ ಪರವಾನಗಿಯ ನವೀಕರಣದ ವೇಳೆಯಲ್ಲಿಯೂ ತಪಾಸಣೆಯುಂಟು. ಅದರಲ್ಲಿ ಅನರ್ಹನೆನಿಸಿದರೆ ಕೆಲಸವೂ ವಾಸವೂ ಒಟ್ಟಿಗೆ ಕಳೆದುಹೋಗಬಹುದು. ಈ ಭಯದಿಂದ ಕೆಮ್ಮನ್ನೂ ಜ್ವರವನ್ನೂ ಮುಚ್ಚಿಟ್ಟುಕೊಳ್ಳುವವರಿದ್ದಾರೆ. ಮುಚ್ಚಿಟ್ಟ ರೋಗವು ಬಲಿತ ಮೇಲೆ ಊರಿಗೆ ಬರುತ್ತದೆ.

ವಿಮೆಯ ವ್ಯವಸ್ಥೆಯೂ ಈ ನಿರ್ಧಾರವನ್ನು ರೂಪಿಸುತ್ತದೆ. ದುಬೈಯಲ್ಲಿ 2013ರ ಕಾಯಿದೆಯು ನೌಕರರ ಆರೋಗ್ಯ ವಿಮೆಯನ್ನು ಮಾಲಿಕರ ಹೊಣೆಯಾಗಿಸಿತು. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಗೆ ಅಲ್ಲಿ ವಿಮೆಯ ಮೂಲಕ ಔಷಧ ದೊರೆಯುವವನು ಕೆಲಸ ಬಿಟ್ಟು ಬರಲು ಹಿಂಜರಿಯುತ್ತಾನೆ. ಮರಳಿದ ದಿನವೇ ಸಂಬಳದೊಡನೆ ಆ ರಕ್ಷಣೆಯೂ ನಿಲ್ಲುತ್ತದೆ. ಭಾರತ ಸರಕಾರವು 2003ರಲ್ಲಿ ಆರಂಭಿಸಿದ ಪ್ರವಾಸಿ ಭಾರತೀಯ ಬಿಮಾ ಯೋಜನೆಯು ವಲಸೆ ಅನುಮತಿ ಅಗತ್ಯವಿರುವ ಪಾಸ್‌ಪೋರ್ಟ್ ಹೊಂದಿದವರಿಗೆ ಕಡ್ಡಾಯ. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಆ ಅನುಮತಿಯ ಅಗತ್ಯವಿಲ್ಲ. ಹೀಗಾಗಿ ಕರಾವಳಿಯ ಅನೇಕ ಓದಿದ ಯುವಕರಿಗೆ ಈ ಕಡ್ಡಾಯ ಅನ್ವಯಿಸುವುದಿಲ್ಲ.

ವಲಸಿಗನ ದೇಹಸ್ಥಿತಿಯಷ್ಟೇ ಮನೆಯವರ ದೇಹಸ್ಥಿತಿಯೂ ಮುಖ್ಯ. ತಂದೆಗೆ ಹೃದಯರೋಗ ಬಂದರೆ ಶುಶ್ರೂಷೆಗೆ ಮಗ ಬೇಕು. ಚಿಕಿತ್ಸೆಗೆ ಮಗನ ಸಂಬಳ ಬೇಕು. ಒಂದೇ ಕಾಯಿಲೆ ಅವನನ್ನು ಮನೆಯತ್ತ ಕರೆಯುತ್ತದೆ, ಮರಳದಂತೆ ತಡೆಯುತ್ತದೆ. ಎಷ್ಟೋ ಮನೆಗಳಲ್ಲಿ ಹಣ ಬರುತ್ತದೆ, ಮಗ ಬರುವುದಿಲ್ಲ; ಆರೈಕೆಯ ಭಾರ ಸೊಸೆಯ ಮೇಲೆ ಬೀಳುತ್ತದೆ.

ನೆರೆಯ ಗೋವಾದಲ್ಲಿ ಸ್ಥಿತಿ ಬೇರೆ ಬಗೆಯದು. ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ವಿಧಿಸಲಾಯಿತು. ಅದೇ ವರ್ಷ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸೌಲಭ್ಯವು ಪಡಿತರ ಚೀಟಿಯನ್ನು ಅವಲಂಬಿಸಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು. ದುಡಿಮೆ ಒಂದು ರಾಜ್ಯದಲ್ಲಿ, ಚೀಟಿ ಇನ್ನೊಂದರಲ್ಲಿ ಇರುವವನು ಕಾಯಿಲೆ ಬಿದ್ದಾಗ ಚೀಟಿಯಿರುವ ಕಡೆಗೆ ಬರುವುದು ಸಹಜ. ಮೀನುಗಾರರ ಪಾಲಿಗೆ ಜೂನ್, ಜುಲೈ ತಿಂಗಳುಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧವೇ ಊರಿನ ಕಾಲ. ತಡೆದುಕೊಳ್ಳಬಹುದಾದ ನೋವು ಆ ಮಳೆಗಾಲದವರೆಗೆ ಕಾಯುತ್ತದೆ.

ಹೀಗೆ ಬಂದವನಿಗೆ ಊರಿನಲ್ಲಿ ಏನು ದೊರೆಯುತ್ತದೆ? ತಾಲೂಕು ಆಸ್ಪತ್ರೆಗಳಿವೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಗಿದೆ. ಆದರೆ ಹೃದಯಾಘಾತ, ತಲೆಗೆ ಪೆಟ್ಟು ಮುಂತಾದ ತುರ್ತು ಸಂದರ್ಭಗಳಲ್ಲಿ ಕುಂದಾಪುರ, ಮಣಿಪಾಲ, ಮಂಗಳೂರುಗಳತ್ತ ಧಾವಿಸುವುದು ವಾಡಿಕೆ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ. ದೂರ, ಕುಮಟಾದವರಿಗೆ ಅದು ಇನ್ನೂ ಹೆಚ್ಚು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ಜೀವಹಾನಿಯಾಯಿತು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲೇ ಎದ್ದಿದ್ದ ಕೂಗು ಆಗ ಮತ್ತೆ ಬಲಗೊಂಡಿತು. ಮರಳುವ ವಯಸ್ಸಿನ ವಲಸಿಗನು ಮನೆ ಕಟ್ಟಿಸುವಾಗ ಈ ದೂರವನ್ನೂ ಲೆಕ್ಕ ಹಾಕುತ್ತಾನೆ; ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ನೆಲೆಸಿದರೆ ಅದು ಊರಿನ ಮೇಲಿನ ಪ್ರೀತಿ ಕುಂದಿದ್ದರಿಂದಲೇ ಎನ್ನಲಾಗದು.

2020ರ ಕೋವಿಡ್ ಕಾಲವು ಈ ಸಂಗತಿಗಳನ್ನೆಲ್ಲ ಒಟ್ಟಿಗೆ ತೋರಿಸಿಕೊಟ್ಟಿತು. ವಂದೇ ಭಾರತ್ ಯೋಜನೆಯಡಿ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದಿತು. ಈ ಯೋಜನೆಯಲ್ಲಿ ಗರ್ಭಿಣಿಯರು, ವೃದ್ಧರು, ರೋಗಿಗಳಿಗೆ ಆದ್ಯತೆಯಿತ್ತು. ಆದರೆ ಅದೇ ವರ್ಷ ಮಾರ್ಚ್ ತಿಂಗಳಲ್ಲಿ ದುಬೈಯಿಂದ ಬಂದವರಲ್ಲಿ ಸೋಂಕು ಕಂಡುಬಂದಿದ್ದ ಭಟ್ಕಳದಲ್ಲಿ, ಮರಳಿ ಬಂದವನನ್ನು ಸಂತೋಷದಷ್ಟೇ ಅಂಜಿಕೆಯೂ ಎದುರುಗೊಂಡಿತು.

ಒಟ್ಟಿನಲ್ಲಿ, ಮರುವಲಸೆಯನ್ನು ತಾಯ್ನೆಲದ ಸೆಳೆತವೆಂದಷ್ಟೇ ವಿವರಿಸಿದರೆ ಅದು ಅಪೂರ್ಣವಾಗುತ್ತದೆ. ಚಿಕಿತ್ಸೆಯ ಹಕ್ಕು ದುಡಿಯುವ ಊರಿನಿಂದ ಹುಟ್ಟಿದ ಊರಿನವರೆಗೆ ವಲಸಿಗನ ಜೊತೆಯಲ್ಲಿಯೇ ಸಾಗುವಂತಾದರೆ, ಮತ್ತು ತುರ್ತು ಚಿಕಿತ್ಸೆ ಈ ಮೂರು ತಾಲೂಕುಗಳಿಗೆ ಹತ್ತಿರವಾದರೆ, ಮರಳುವುದು ಕಾಯಿಲೆಯ ಒತ್ತಾಯವಾಗದೆ ಮನುಷ್ಯನ ಆಯ್ಕೆಯಾದೀತು.