ಕರಾವಳಿ ಬೇಸಿಗೆ: ಹಗಲು ಸೆಕೆ, ಸಂಜೆ ಸಿಡಿಲು

ಮಂಗಳೂರು, ಕುಂದಾಪುರ ಕಡೆ 37 ಡಿಗ್ರಿ ಅಂದ್ರೆ 'ಕಲಬುರಗಿಯಲ್ಲಿ 42 ಇದೆಯಲ್ಲ' ಅಂತ ಸುಮ್ಮನಾಗ್ತೀವಿ. ಎಡವೋದು ಅಲ್ಲೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಹವಾಮಾನ ಇಲಾಖೆ ಕೂಡ ಬಯಲುಸೀಮೆಗೆ ಬಿಸಿಗಾಳಿಯ ಲೆಕ್ಕ 40 ಡಿಗ್ರಿಯಿಂದ ಹಿಡಿದರೆ, ಕರಾವಳಿಗೆ 37ರಿಂದಲೇ ಹಿಡಿಯುತ್ತದೆ.

ಭಾರದ ಕೆಲಸ ಬೆಳಗ್ಗೆ 11ರೊಳಗೆ ಮುಗಿಸಿ. ಬಾಯಾರುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಜೊತೆಗಿದ್ದವರಿಗೆ ತಲೆ ಸುತ್ತಿದರೆ ನೆರಳಲ್ಲಿ ಮಲಗಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಕೂಡಲೇ 108ಕ್ಕೆ ಕರೆ ಮಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಟ್ಟುತ್ತೆ. ಅಂಗಳದ ಅಡಿಕೆ ಒಳಗೆ ಹಾಕೋಕೆ ಆಗ ಎಲ್ರೂ ಓಡ್ತೀವಿ. ಆದರೆ ಗುಡುಗು ಕೇಳುವಷ್ಟು ಹತ್ತಿರ ಅಂದ್ರೆ ಸಿಡಿಲು ಹೊಡೆಯುವಷ್ಟೂ ಹತ್ತಿರ. ಕಾರ್ಬನ್ ಫೈಬರ್ ದೋಟಿ, ಅಲ್ಯೂಮಿನಿಯಂ ಏಣಿ ಎರಡರಲ್ಲೂ ವಿದ್ಯುತ್ ಹರಿಯುತ್ತದೆ. ಅಲ್ಲೇ ಬಿಟ್ಟು ಮನೆಯೊಳಗೆ ಬನ್ನಿ. ಮರದಡಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಹೋಗಬೇಡಿ. ಫೋನಿನಲ್ಲಿ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ, ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಅದರಲ್ಲಿ ಬರುತ್ತದೆ.

ಒದ್ದೆಯಾದ ಅಡಿಕೆಯನ್ನು ನಾಳೆ ಮತ್ತೆ ಒಣಗಿಸಬಹುದು. ಹೋದ ಜೀವ ಬರಲ್ಲ.