ಎರಡು ದಿನದ ಪೇಟೆ, ವರ್ಷದ ಲೆಕ್ಕ

ಸಂಕ್ರಾಂತಿಗೆ ಇನ್ನು ಎರಡು ದಿನವಿದೆ ಎನ್ನುವಾಗ ವಿಜಯನಗರದ ಮಾರುಕಟ್ಟೆ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾಂಪೌಂಡಿಗೆ ಒರಗಿಸಿದ ಕಬ್ಬಿನ ಜಲ್ಲೆಗಳು ಎಲೆಗಳ ಸಮೇತ ಆಳೆತ್ತರ ಮೀರಿ ನಿಂತಿರುತ್ತವೆ. ಗೋಣಿತಾಟಿನ ಮೇಲೆ ಸುರಿದ ಅವರೆಕಾಯಿ, ತಳ್ಳುಗಾಡಿಯ ತುಂಬ ಮಣ್ಣು ಮೆತ್ತಿದ ಗೆಣಸು, ಹಸಿ ಕಡಲೆಕಾಯಿ, ಎಲಚಿ ಹಣ್ಣು, ಮಾವಿನ ಸೊಪ್ಪು, ಮಾರು ಹಾಕಿ ಕೊಡುವ ಸೇವಂತಿಗೆ. ಇವುಗಳ ನಡುವೆ ಉಳಿದ ಒಂದು ಗೇಣು ದಾರಿಯಲ್ಲಿ ಸ್ಕೂಟರಿನವರೂ ನುಗ್ಗುತ್ತಾರೆ, ಮಗುವನ್ನು ಎತ್ತಿಕೊಂಡ ತಾಯಂದಿರೂ ನುಗ್ಗುತ್ತಾರೆ, ಹಿಂದಿನಿಂದ ಬಂದ ಹಸುವೂ ನುಗ್ಗುತ್ತದೆ. ಹಬ್ಬ ಕಳೆದ ಮರುದಿನ ಅದೇ ಬೀದಿಗೆ ಹೋದರೆ ಕಬ್ಬಿನ ಸೋಗೆಯ ರಾಶಿಯೊಂದು ಬಿಟ್ಟು ಮತ್ತೇನೂ ಕಾಣದು!

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ದೊಡ್ಡ ಬಸವಣ್ಣನ ಗುಡಿ ಇದೆ, ಕಾರ್ತಿಕದ ಕಡೆಯ ಸೋಮವಾರ ಎಂಬ ನಿಶ್ಚಿತ ದಿನವಿದೆ. ಪಶ್ಚಿಮ ಬೆಂಗಳೂರಿನ ಸಂಕ್ರಾಂತಿ ಪೇಟೆ ಗುಡಿಯನ್ನು ನೆಚ್ಚಿದ್ದಲ್ಲ. ಅದಕ್ಕೆ ತೇರಿಲ್ಲ, ಪರಿಷೆಯಂಥ ಹೆಸರೂ ಇಲ್ಲ. ಯಾರೂ ಕರೆಯದೆ ಬೆಳೆದವರು ಬರುತ್ತಾರೆ, ಯಾರೂ ಹೇಳದೆ ಕೊಳ್ಳುವವರು ಬರುತ್ತಾರೆ. ಇದನ್ನು ಕೂಡಿಸುವುದು ಪಂಚಾಂಗ ಮಾತ್ರ.

ಆ ಪಂಚಾಂಗದ ಕಾರಣವೂ ಸ್ವಾರಸ್ಯವಾಗಿದೆ. ಗೌರಿ ಗಣೇಶ, ವರಮಹಾಲಕ್ಷ್ಮಿ, ಯುಗಾದಿ ಎಲ್ಲವೂ ಚಂದ್ರನ ಲೆಕ್ಕದ ಹಬ್ಬಗಳು. ವರ್ಷದಿಂದ ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ಹಿಂದೆ ಮುಂದೆ ಓಡಾಡುತ್ತವೆ. ಸಂಕ್ರಾಂತಿ ಸೂರ್ಯನದು. ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ ನಮ್ಮ ಕಾಲದಲ್ಲಿ ಜನವರಿ ೧೪ ಇಲ್ಲವೆ ೧೫ರಂದೇ ಬರುತ್ತದೆ. ಹೀಗಾಗಿ ಹತ್ತು ಹನ್ನೆರಡು ತಿಂಗಳ ಬೆಳೆಯಾದ ಕಬ್ಬನ್ನು ಇದೊಂದೇ ದಿನಕ್ಕೆಂದು ನಾಟಿ ಮಾಡುವ ಧೈರ್ಯ ರೈತನಿಗೆ ಬರುತ್ತದೆ. ಎರಡು ದಿನದ ಪೇಟೆ ಎಂದು ನಾವು ಹಗುರವಾಗಿ ಹೇಳುತ್ತೇವೆ. ಆತನ ಪಾಲಿಗೆ ಅದು ವರ್ಷದ ಲೆಕ್ಕ.

ಮೂರು ರಸ್ತೆ, ಮೂರು ಬೆಳೆ

ಸಂಕ್ರಾಂತಿಯ ಪೇಟೆ ನಗರದ ಬೇರೆ ಕಡೆಗಳಲ್ಲೂ ಕೂಡುತ್ತದೆ. ಆದರೆ ಪಶ್ಚಿಮದ ಬಡಾವಣೆಗಳಿಗೆ ಒಂದು ವಿಶೇಷ ಅನುಕೂಲವಿದೆ. ಈ ಹಬ್ಬದ ಬುಟ್ಟಿಗೆ ಬೇಕಾದ ಮುಖ್ಯ ಸಾಮಾನುಗಳು ಬರುವ ಮೂರು ಹೆದ್ದಾರಿಗಳೂ ಊರು ಹೊಗುವುದು ಈ ಕಡೆಯಿಂದಲೇ.

ಮೊದಲನೆಯದು ಮೈಸೂರು ರಸ್ತೆ. ಮಂಡ್ಯ, ಮದ್ದೂರು, ಚನ್ನಪಟ್ಟಣದ ಕಡೆಯ ಲಾರಿಗಳು ಕೆಂಗೇರಿ ದಾಟಿಯೇ ಪಟ್ಟಣ ಸೇರಬೇಕು. ಮಂಡ್ಯ ಎಂದ ಕೂಡಲೇ ನಮಗೆ ಕಬ್ಬು ನೆನಪಾಗುತ್ತದೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ, ೧೯೩೩ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಿಂದ ಆ ಸೀಮೆಯ ಚಹರೆಯೇ ಬದಲಾಯಿತು. ಆದರೆ ಕಾರ್ಖಾನೆಗೆ ಹೋಗುವ ಕಬ್ಬೇ ಬೇರೆ, ಹಬ್ಬಕ್ಕೆ ಬರುವ ಕರಿಕಬ್ಬೇ ಬೇರೆ. ಕಾರ್ಖಾನೆಯ ಕಬ್ಬಿನ ಸಿಪ್ಪೆ ಗಟ್ಟಿ, ನಾರು ಹೆಚ್ಚು, ಹಲ್ಲಿಗೆ ಬಗ್ಗುವುದಿಲ್ಲ. ಕರಿಕಬ್ಬು ದಪ್ಪ, ಮೆದು, ರಸಭರಿತ. ಮಕ್ಕಳೂ ಹಲ್ಲಿನಲ್ಲೇ ಸಿಗಿದು ತಿನ್ನಬಹುದು. ಈ ಮೆದುತನವೇ ಅದರ ಬಲ, ಅದರ ಕಷ್ಟವೂ ಅದೇ. ಹಬ್ಬದ ದಿನ ಮಾರಾಟವಾಗದಿದ್ದರೆ ಆಲೆಮನೆಯವರಾಗಲಿ ಕಾರ್ಖಾನೆಯವರಾಗಲಿ ಅದಕ್ಕೆ ಕಾದು ಕುಳಿತಿರುವುದಿಲ್ಲ.

ಎರಡನೆಯದು ಮಾಗಡಿ ರಸ್ತೆ. ಕೆಂಪೇಗೌಡರ ಮಾಗಡಿ ಈಗ ಅವರೆಕಾಯಿಗೂ ಹೆಸರುವಾಸಿ. ಮುಂಗಾರಿನಲ್ಲಿ ರಾಗಿ ಹೊಲದ ನಡುವೆ ಅಕ್ಕಡಿ ಸಾಲಾಗಿ ಬಿತ್ತುವ ಅವರೆ ರಾಗಿ ಕೊಯ್ಲಾದ ಮೇಲೂ ಹೊಲದಲ್ಲೇ ನಿಂತು, ಹಗಲು ಕುಗ್ಗಿದಾಗ ಹೂಬಿಟ್ಟು ಚಳಿಗಾಲದಲ್ಲಿ ಕಾಯಿ ಕೊಡುತ್ತದೆ. ನಾಟಿ ಅವರೆಯ ಗುಣವೇ ಅದು. ಹಗಲು ಉದ್ದವಿದ್ದರೆ ಹೂ ಬಿಡದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಈ ಹಟವನ್ನು ಮುರಿದು, ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆ–೩, ಹೆಬ್ಬಾಳ ಅವರೆ–೪ ಎಂಬ ತಳಿಗಳನ್ನು ಕೊಟ್ಟರು. ಇದರಿಂದ ಬೇಸಿಗೆಯಲ್ಲೂ ಸಾರಿಗೆ ಅವರೆ ಸಿಗುವಂತಾಯಿತು. ಆದರೂ ಮೂಗಿನ ಬಳಿ ಹಿಡಿದು ನೋಡುವ ಹಳಬರು ಒಪ್ಪುವುದಿಲ್ಲ. ಚಳಿಗೆ, ಇಬ್ಬನಿಗೆ ಬಲಿತ ಕಾಯಿಯ ಸೊಗಡು ಕೈಗೆ ಅಂಟಬೇಕು, ಸೋಪು ಹಾಕಿ ತೊಳೆದರೂ ಹೋಗಬಾರದು ಎನ್ನುವವರು ಅವರು. ಸಂಕ್ರಾಂತಿಯಂದು ಇಡೀ ಕಾಯಿಯನ್ನೇ ಉಪ್ಪು ಹಾಕಿ ಬೇಯಿಸಿ, ಗೆಣಸು ಕಡಲೆಕಾಯಿಯ ಜೊತೆ ತಿನ್ನುವ ಮನೆಗಳಲ್ಲಿ ಸೊಗಡಿಲ್ಲದ ಕಾಯಿಗೆ ಮರ್ಯಾದೆಯಿಲ್ಲ.

ಮೂರನೆಯದು ತುಮಕೂರು ರಸ್ತೆ. ತಿಪಟೂರಿನ ಕೊಬ್ಬರಿ ಈ ದಾರಿಯಲ್ಲಿ ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಬಂದು, ಅಲ್ಲಿಂದ ರಾಜಾಜಿನಗರ, ಬಸವೇಶ್ವರನಗರದ ಅಂಗಡಿಗಳಿಗೆ ಇಳಿಯುತ್ತದೆ. ಚಳ್ಳಕೆರೆ, ಪಾವಗಡದ ಸೀಮೆಯ ಕಡಲೆಬೀಜಕ್ಕೂ ಇದೇ ದಾರಿ. ಮಂಡ್ಯದ ಬೆಲ್ಲವನ್ನು ಇವುಗಳ ಜೊತೆ ಸೇರಿಸಿದರೆ ಒಂದು ತಟ್ಟೆ ಎಳ್ಳು ಬೆಲ್ಲದಲ್ಲಿ ಹಳೇ ಮೈಸೂರಿನ ನಕ್ಷೆಯೇ ಕೂತಂತಾಗುತ್ತದೆ!

ಅಡಕತ್ತರಿಯಿಂದ ಪ್ಯಾಕೆಟ್ಟಿಗೆ

ಎಳ್ಳು ಬೆಲ್ಲ ಕೊಳ್ಳುವ ಪದಾರ್ಥವೇ ಆಗಿರಲಿಲ್ಲ. ಹಬ್ಬಕ್ಕೆ ಎರಡು ವಾರ ಮುಂಚಿನಿಂದಲೇ ಮನೆಮನೆಯಲ್ಲೂ ಅಡಕತ್ತರಿಯ ಸದ್ದು ಕೇಳುತ್ತಿತ್ತು. ಅಚ್ಚು ಬೆಲ್ಲವನ್ನು ಸಣ್ಣ ಹರಳಿನಂತೆ ಕತ್ತರಿಸುವುದು, ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ತೆಳ್ಳಗೆ ಹೆಚ್ಚುವುದು, ಎರಡನ್ನೂ ತಾರಸಿಯಲ್ಲಿ ಬಿಸಿಲಿಗಿಟ್ಟು ಕಾಗೆ ಕಾಯಲು ಮಕ್ಕಳನ್ನು ಕೂರಿಸುವುದು. ಕಡಲೆಬೀಜ ಹುರಿದು ಸಿಪ್ಪೆ ಊದಿ, ಹುರಿಗಡಲೆ ಮತ್ತು ತೊಳೆದು ಹುರಿದ ಬಿಳಿ ಎಳ್ಳು ಬೆರೆಸಿದರೆ ಐದು ಪದಾರ್ಥ ಪೂರ್ತಿ. ಸಕ್ಕರೆ ಅಚ್ಚಿನದಂತೂ ದೊಡ್ಡ ಕಸುಬು. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ನೆನೆಸಿದ ಮರದ ಅಚ್ಚಿಗೆ ಹದ ನೋಡಿ ಹೊಯ್ಯಬೇಕು. ಗಳಿಗೆ ತಪ್ಪಿದರೆ ಆನೆಗೆ ಸೊಂಡಿಲಿಲ್ಲ, ಗಿಳಿಗೆ ಕೊಕ್ಕಿಲ್ಲ!

ಈಗ ಇವೆಲ್ಲ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ತೂಕಕ್ಕೆ ಸಿಗುತ್ತವೆ. ಹೆಂಗಸರು ಹೊರಗೆ ದುಡಿಯುವ ಮನೆಗಳಲ್ಲಿ ಹದಿನೈದು ದಿನ ಬೆಲ್ಲ ಕತ್ತರಿಸಿ ಎಂದರೆ ಯಾರು ಕೇಳುತ್ತಾರೆ? ಅದನ್ನು ಸಂಪ್ರದಾಯದ ನಾಶ ಎಂದು ಹಲುಬುವುದು ಸರಿಯಲ್ಲ. ಒಂದು ಮನೆಯ ಅಡಕತ್ತರಿ ನಿಂತರೆ ಇನ್ನೊಂದು ಮನೆಯಲ್ಲಿ ಅದೇ ಕೆಲಸ ಜೀವನೋಪಾಯವಾಗಿದೆ. ಅಚ್ಚು ಹೊಯ್ದು, ಬೆರಕೆ ಮಾಡಿ, ತೂಗಿ ಕಟ್ಟಿಕೊಡುವ ಹೆಂಗಸರಿಗೆ ಡಿಸೆಂಬರ್ ಜನವರಿಯೇ ಸುಗ್ಗಿ. ಹಬ್ಬ ಮನೆಯಿಂದ ಪೇಟೆಗೆ ಬಂದಷ್ಟೂ ಅದು ಪೇಟೆಯವರ ಅನ್ನವಾಗುತ್ತ ಹೋಗುತ್ತದೆ.

ಹಬ್ಬದ ಮಧ್ಯಾಹ್ನದ ಬೆಲೆ

ಈ ಪೇಟೆಯ ನಿಜವಾದ ಕತೆ ಇರುವುದು ಬೆಲೆಯಲ್ಲಿ. ಹಬ್ಬದ ಹಿಂದಿನ ದಿನ ಸಂಜೆ ಒಂದು ಜೋಡಿ ಕಬ್ಬಿಗೆ ಹೇಳಿದ ಬೆಲೆಯನ್ನು ಹಬ್ಬದ ದಿನ ಮಧ್ಯಾಹ್ನ ಹೇಳಿದರೆ ಜನ ನಗುತ್ತಾರೆ. ಬೆಳಗಿನ ಪೂಜೆ ಮುಗಿದ ಮೇಲೆ, ಸಂಜೆ ಎಳ್ಳು ಬೀರಲು ಹೊರಡುವವರು ಒಂದಿಷ್ಟು ತುಂಡು ಕಬ್ಬು ಕೇಳಬಹುದು, ಅಷ್ಟೇ. ಕತ್ತಲಾಗುವ ಹೊತ್ತಿಗೆ ಅದೇ ಜಲ್ಲೆಗೆ ಬೆಲೆಯೇ ಇಲ್ಲ.

ಇದು ಕೊಳ್ಳುವವರಿಗೂ ಗೊತ್ತು. ಚೌಕಾಸಿಯ ಮಾತೆಲ್ಲ ಆ ಗಡಿಯಾರವನ್ನು ನೋಡಿಕೊಂಡೇ ನಡೆಯುತ್ತದೆ. ‘ಜೋಡಿ ಎಷ್ಟಪ್ಪಾ?’ ಎಂದರೆ, ‘ಬೋಣಿ ಆಗಿಲ್ಲ ಕಣಕ್ಕ, ನೀವೇ ನೋಡಿ ಕೊಡಿ’ ಎನ್ನುವುದು ವಾಡಿಕೆ. ‘ನಾಳೆ ಬಂದರೆ ಬಿಟ್ಟಿಗೆ ಕೊಡ್ತೀಯ’ ಎಂಬುದು ಗಿರಾಕಿಯ ಬ್ರಹ್ಮಾಸ್ತ್ರ. ‘ನಾಳೆ ತಗೊಂಡು ಏನ್ ಮಾಡ್ತೀರ ಅಮ್ಮಾ?’ ಎಂಬುದು ಅದಕ್ಕೆ ತಕ್ಕ ಉತ್ತರ. ಕಡೆಗೆ ಒಂದು ಬೆಲೆಗೆ ಕುದುರಿ, ಮೇಲೊಂದು ಹಿಡಿ ಎಲಚಿ ಹಣ್ಣು ಕೊಸರು ಬೀಳುತ್ತದೆ. ಚಿಲ್ಲರೆ ಇಲ್ಲ ಎಂಬ ನೆಪವೊಂದು ಈಚೆಗೆ ಹೋಗಿದೆ. ಕಬ್ಬಿನ ಕಂತೆಗೇ ಕ್ಯೂಆರ್ ಹಲಗೆ ನೇತು ಹಾಕಿರುತ್ತಾರೆ.

ಆದರೆ ಈ ಆಟದಲ್ಲಿ ಇಬ್ಬರ ಪಣವೂ ಸಮನಲ್ಲ. ನಾವು ಸೋತರೆ ಹತ್ತಿಪ್ಪತ್ತು ರೂಪಾಯಿ ಹೋಗಬಹುದು. ಕಬ್ಬಿನವನು ಕಡಿಯುವ ಕೂಲಿ, ಲಾರಿ ಬಾಡಿಗೆ, ಇಳಿಸುವ ಕೂಲಿ ಎಲ್ಲವನ್ನೂ ಮೊದಲೇ ಕೊಟ್ಟು ಬಂದಿರುತ್ತಾನೆ. ಚಳಿಯ ರಾತ್ರಿಯಲ್ಲಿ ಮಾಲಿನ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿರುತ್ತಾನೆ. ಕೊಬ್ಬರಿ ಉಳಿದರೆ ಇನ್ನೊಂದು ತಿಂಗಳು ಇಡಬಹುದು. ಎಳ್ಳು, ಬೆಲ್ಲ, ಹುರಿಗಡಲೆ ಕೆಡುವುದಿಲ್ಲ. ಅವರೆಕಾಯಿ ಹಬ್ಬದ ಮಾರನೆ ದಿನವೂ ಸಾರಿಗೆ ಬೇಕು, ಹಿದುಕಿದ ಬೇಳೆಗೆ ಬೇಕು. ಕಬ್ಬು, ಹೂವು, ಮಾವಿನ ಸೊಪ್ಪಿಗೆ ಮಾತ್ರ ಮರುದಿನವೆಂಬುದಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕವನ್ನೂ ಸಿಹಿಯನ್ನೂ ಕಳೆದುಕೊಳ್ಳುತ್ತದೆ. ಮತ್ತೆ ಊರಿಗೆ ಹೇರಿಕೊಂಡು ಹೋದರೆ ಬಾಡಿಗೆಯೂ ಹುಟ್ಟುವುದಿಲ್ಲ. ಹಾಗಾಗಿಯೇ ಮಾರದ ರಾಶಿಯನ್ನು ಬೀದಿಯಲ್ಲೇ ಬಿಟ್ಟು ಹೋಗುವುದು. ಮರುದಿನ ಮೂಗು ಮುರಿಯುತ್ತ ನಾವು ದಾಟುವ ಕಸದಲ್ಲಿ ಒಬ್ಬನ ಹನ್ನೆರಡು ತಿಂಗಳ ನೀರು ಗೊಬ್ಬರ ಬಿದ್ದಿರುತ್ತದೆ. ಅದನ್ನು ಗೋರಿ ಹಾಕುವ ಪೌರಕಾರ್ಮಿಕರಿಗಂತೂ ಹಬ್ಬದ ಮರುದಿನ ಇಮ್ಮಡಿ ಕೆಲಸ.

ನೆಲದ ಮೇಲೆ, ನೆಲದ ಕೆಳಗೆ

ಬೀದಿ ಮಾರಾಟದ ಬಗ್ಗೆ ನಡೆಯುವವರ ದೂರೂ ಸುಳ್ಳಲ್ಲ. ೨೦೧೫ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೊ ಓಡಿತು. ೨೦೨೧ರ ಆಗಸ್ಟ್‌ನಲ್ಲಿ ಅದು ಕೆಂಗೇರಿ ಮುಟ್ಟಿತು. ವಿಜಯನಗರ ನಿಲ್ದಾಣದಲ್ಲಿ ಇಳಿದು ಮನೆಗೆ ಹೊರಟ ವೃದ್ಧರಿಗೆ ಫುಟ್‌ಪಾತಿನಲ್ಲಿ ಕಾಲಿಡಲು ಆಗದಿದ್ದರೆ ಅದು ನ್ಯಾಯವಾದ ಕಷ್ಟವೇ. ಇದಕ್ಕೊಂದು ಪರಿಹಾರವೆಂದು ಆಗಿನ ಬಿಬಿಎಂಪಿ ಇದೇ ಬಡಾವಣೆಯಲ್ಲಿ ನೆಲದಡಿಯ ಹವಾನಿಯಂತ್ರಿತ ಮಾರುಕಟ್ಟೆಯೊಂದನ್ನು ಕಟ್ಟಿತು. ದೆಹಲಿಯ ಪಾಲಿಕಾ ಬಜಾರಿನ ಮಾದರಿಯ ಈ ‘ಕೃಷ್ಣದೇವರಾಯ ಪಾಲಿಕೆ ಬಜಾರ್’ ೨೦೨೪ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ವರ್ಷವಿಡೀ ಬಟ್ಟೆ, ಪಾತ್ರೆ ಮಾರುವವರಿಗೆ ಮಳೆ ಬಿಸಿಲು ತಾಗದ ಮಳಿಗೆ ಒಳ್ಳೆಯದೇ. ಆದರೆ ಎಲೆ ಸಮೇತದ ಕಬ್ಬಿನ ಲೋಡನ್ನು ಮೆಟ್ಟಿಲಿಳಿಸಿ ತಣ್ಣನೆಯ ಮಳಿಗೆಯಲ್ಲಿ ನಿಲ್ಲಿಸುವುದನ್ನು ಊಹಿಸಿಕೊಳ್ಳಿ! ಎರಡು ದಿನಕ್ಕೆ ಬರುವವನಿಗೆ ಮಳಿಗೆ ಬೇಡ, ಬೀದಿ ಬೇಕು.

೨೦೧೪ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ ಕಾಯ್ದೆ ಮಾಡಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಬೇಕು, ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡಬೇಕು, ಜನ ಹಿಂದಿನಿಂದಲೂ ಕೂಡಿ ಕೊಟ್ಟು ಕೊಳ್ಳುವ ಜಾಗಗಳನ್ನು ಸಹಜ ಮಾರುಕಟ್ಟೆಗಳೆಂದು ಗುರುತಿಸಬೇಕು ಎಂಬುದು ಅದರ ಆಶಯ. ಒಳ್ಳೆಯ ಕಾಯ್ದೆ. ಆದರೆ ಸಮೀಕ್ಷೆಯವರು ಬಂದ ದಿನ ನಮ್ಮ ಕಬ್ಬಿನವನು ಹೊಲದಲ್ಲಿರುತ್ತಾನೆ. ಪಟ್ಟಿಯಲ್ಲಿ ಅವನ ಹೆಸರು ಹೇಗೆ ಬಂದೀತು?

ದೂರದ ಗ್ರೀಸ್ ದೇಶದಲ್ಲಿ ಇಂಥ ತೊಡಕಿಗೆ ಒಂದು ಸರಳ ದಾರಿ ಕಂಡುಕೊಂಡಿದ್ದಾರೆ. ಅಲ್ಲಿನ ಊರುಗಳಲ್ಲಿ ವಾರಕ್ಕೊಂದು ದಿನ ಒಂದು ಬೀದಿಯನ್ನು ವಾಹನಗಳಿಗೆ ಮುಚ್ಚುತ್ತಾರೆ. ರೈತರು ಟ್ರಕ್ಕಿನಲ್ಲಿ ತಂದ ಕಿತ್ತಳೆ, ಆಲಿವ್, ಸೊಪ್ಪನ್ನು ತಾವೇ ಮಾರುತ್ತಾರೆ. ಮಧ್ಯಾಹ್ನದ ಮೇಲೆ ಬೀದಿ ಗುಡಿಸಿ ಮತ್ತೆ ವಾಹನಕ್ಕೆ ಬಿಡುತ್ತಾರೆ. ‘ಲೈಕಿ’ ಎಂದು ಕರೆಯುವ ಈ ಜನರ ಸಂತೆಯನ್ನು ಅಥೆನ್ಸಿನಲ್ಲಿ ೧೯೨೯ರಲ್ಲೇ ಸರ್ಕಾರ ಆರಂಭಿಸಿತು. ಬೆಳೆದವನಿಂದ ಉಣ್ಣುವವನಿಗೆ ನೇರವಾಗಿ ಮಾಲು ತಲುಪಲಿ ಎಂಬುದೇ ಉದ್ದೇಶ. ನಮಗಾದರೂ ಬೇಕಾದದ್ದು ವರ್ಷಕ್ಕೆ ಎರಡೇ ದಿನ. ಬಡಾವಣೆಗೊಂದು ಬೀದಿ ಅಥವಾ ಆಟದ ಮೈದಾನ, ಕುಡಿಯುವ ನೀರು, ಒಂದು ಶೌಚಾಲಯ, ರಾತ್ರಿಗೆ ದೀಪ, ಉಳಿದ ಕಬ್ಬನ್ನು ಗೋಶಾಲೆಗೋ ಗೊಬ್ಬರದ ಗುಂಡಿಗೋ ಸಾಗಿಸಲು ಒಂದು ಲಾರಿ. ಪಾಲಿಕೆ ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಬಾಬೇನಲ್ಲ. ನಡೆಯುವವರಿಗೆ ಫುಟ್‌ಪಾತು ಉಳಿಯುತ್ತದೆ, ಮಾರುವವರಿಗೆ ನಿದ್ದೆ ಬರುತ್ತದೆ.

ಅಲ್ಲಿಯತನಕ ಕೊಳ್ಳುವವರ ಕೈಯಲ್ಲಿ ಇರುವುದು ಸಣ್ಣ ವಿಷಯ. ಕಬ್ಬು, ಹೂವನ್ನು ಹಬ್ಬದ ಮುನ್ನಾದಿನವೇ ಕೊಳ್ಳುವುದು, ಮಧ್ಯಾಹ್ನ ಕಾದು ಬಿಟ್ಟಿಗೆ ಕೇಳದಿರುವುದು. ಚೌಕಾಸಿ ಬೇಡವೆಂದಲ್ಲ; ಚೌಕಾಸಿ ಇಲ್ಲದ ಪೇಟೆ ಉಪ್ಪಿಲ್ಲದ ಅವರೆಕಾಳಿನಂತೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ನೆಂಟರಿಷ್ಟರ ಮನೆಬಾಗಿಲಲ್ಲಿ ಹೇಳುತ್ತೇವಲ್ಲ, ಆ ಒಳ್ಳೆಯ ಮಾತಿನಲ್ಲಿ ಒಂದೆರಡನ್ನು ಕಬ್ಬಿನ ರಾಶಿಯ ಮುಂದೆಯೇ ಆಡಿ ಬಂದರೆ ನಮ್ಮ ತಟ್ಟೆಯ ಸಿಹಿಯೇನೂ ಕಡಿಮೆಯಾಗುವುದಿಲ್ಲ.